ಹುಣಸಗಿಯವಳಿಗೊಂದು ಕೌದಿ

ದೇವು ಓದುವಾಗ ಪುಸ್ತಕವನ್ನು ಮುಖಕ್ಕೆ ತುಸು ಹೆಚ್ಚೇ ಹತ್ತಿರ ಹಿಡಿಯುತ್ತಿದ್ದ. ಅದರ ಅಂಚಿನ ಮೇಲಿಂದ ಅವನ ಕಣ್ಣು ಮೆಲ್ಲಗೆ ಎದ್ದು ಬಂದು, ಚಂದ್ರಕಲಾಳ ಸೂಜಿಯ ಮೇಲೆ ಕೂತು, ಮತ್ತೆ ಸಾಲಿಗೆ ಇಳಿಯುತ್ತಿತ್ತು. ಆಗೆಲ್ಲ ಓದಿದ ಸಾಲನ್ನೇ ಇನ್ನೊಮ್ಮೆ ಓದುತ್ತಿದ್ದ.

“ಅದು ಆಗ್ಲೇ ಓದಿದ್ರಿ,” ಎಂದಳು ಚಂದ್ರಕಲಾ, ತಲೆ ಎತ್ತದೆ.

“ಛಂದ ಅದ. ಅದಕ್ಕ ಮತ್ತ ಓದಿದೆ.”

“ಯಾವುದ್ರಿ ಛಂದ? ಸಾಲೋ, ಆಕೀನೋ?”

ಆಕಿ ಎಂದರೆ ಆ ಹಳೇ ಕಾದಂಬರಿಯ ನಾಯಕಿ. ಕೆನೆಹಾಲಿನ ಬಣ್ಣ, ಎಳೆಯ ವಯಸ್ಸು, ಗಂಡ ಸತ್ತವಳು. ಮನೆಗೆ ಬರುವ ಮೇಷ್ಟರ ಮೇಲೆ ಜೀವ ಇಟ್ಟುಕೊಂಡು, ಬಾಯಿಬಿಟ್ಟು ಒಂದು ಮಾತೂ ಆಡದೆ, ದೇವರ ಕೋಣೆ ಸಾರಿಸುತ್ತ ಅಳುವವಳು. ಅವಳ ಕಣ್ಣೀರಿನ ಪುಟ ಬಂದರೆ ದೇವುನ ದನಿ ಬೆಣ್ಣೆಯಾಗುತ್ತಿತ್ತು. ಚಂದ್ರಕಲಾಳಿಗೆ ಮೈ ಉರಿಯುತ್ತಿತ್ತು. ಅವಳ ಗಂಡನೂ ಸತ್ತಿದ್ದ. ಶಹಾಪುರದ ದಾರಿಯಲ್ಲಿ ಹತ್ತಿ ಲಾರಿ ಮಗುಚಿ, ಮೂರು ವರ್ಷದ ಹಿಂದೆ. ಆದರೆ ಅವಳ ಬಣ್ಣ ಎರೆಮಣ್ಣಿನದು, ನಾಲಿಗೆ ಸೂಜಿಯಂಥದು. ಅವಳ ಬಗ್ಗೆ ಯಾರೂ ಬೆಣ್ಣೆಯಂಥ ದನಿಯಲ್ಲಿ ಓದುವುದಿಲ್ಲ.

ಸುರಪುರದ ಲೈಬ್ರರಿಯಲ್ಲಿ ದೇವುಗೆ ಕೆಲಸ. ಮಧ್ಯಾಹ್ನ ಊಟಕ್ಕೆ ರಂಗಂಪೇಟೆಯ ಮನೆಗೆ ಬಂದವನು ಪಡಸಾಲೆಯಲ್ಲಿ ಕೌದಿ ಹೊಲಿಯುವ ಹೆಂಗಸರಿಗೆ ನಾಲ್ಕು ಪುಟ ಓದಿ ಹೋಗುತ್ತಿದ್ದ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಒಂದು ಬದಿಗೆ ಅವನ ತಾಯಿ ದುರಗಮ್ಮ, ಇನ್ನೊಂದು ಬದಿಗೆ ಎದುರು ಮನೆಯ ಗೌಹರಬೇಗಂ, ಮತ್ತೊಂದು ಬದಿಗೆ ಬಾಜೂ ಮನೆಯ ಚಂದ್ರಕಲಾ. ಓಣಿಯಲ್ಲಿ ಅವಳಷ್ಟು ಸಣ್ಣ ಹೊಲಿಗೆ ಯಾರಿಗೂ ಬರುತ್ತಿರಲಿಲ್ಲ.

ಆ ಕೌದಿ ಹುಣಸಗಿಯ ರೇವತಿಗಾಗಿ. ಶಹಾಪುರದಲ್ಲಿ ಬಿ.ಎಡ್. ಓದಿದ ಹುಡುಗಿ. ದುರಗಮ್ಮ ನೋಡಿ ಬಂದು ಮೆಚ್ಚಿದ್ದಳು. ದೇವು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಪುಸ್ತಕದ ಹಿಂದೆ ಮುಖ ಇಟ್ಟುಕೊಂಡಿದ್ದ.

“ಬೇಟಿ, ಸಾವಕಾಶ,” ಎಂದಳು ಗೌಹರಬೇಗಂ. “ಸೂಜಿ ಹಂಗ ಚುಚ್ಚಾಕತ್ತೀ, ಕೌದಿ ಏನು ನಿನ್ನ ಸವತಿ ಏನು?”

“ನನಗೆಲ್ಲಿ ಸವತಿ ಖಾಲಾ, ಗಂಡನ ಇಲ್ಲ.”

ಪುಸ್ತಕದ ಹಿಂದೆ ಒಂದು ಸಾಲು ತಪ್ಪಿತು.

ಅವತ್ತು ದುರಗಮ್ಮ ಚಹಾ ಇಡಲು ಎದ್ದಾಗ, ಗೌಹರಬೇಗಂ ದಾರ ಹುಡುಕುತ್ತಿದ್ದಾಗ, ಚಂದ್ರಕಲಾ ಸೆರಗಿನೊಳಗಿಂದ ಒಂದು ತುಂಡು ತೆಗೆದಳು. ಹಸಿರು ಇಳಕಲ್ ಸೀರೆಯದು, ಅವಳ ಮದುವೆಯದು. ಅದನ್ನು ಎರಡು ಪದರಗಳ ನಡುವೆ, ಕೌದಿಯ ನಟ್ಟನಡುವೆ ಸರಿಸಿ ಮೇಲೊಂದು ಎಳೆ ಹಾಕಿದಳು. ಗಂಡ ಸತ್ತವಳ ಬಟ್ಟೆ ಮದುವೆ ಕೌದಿಗೆ ತಾಗಬಾರದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದು ಎಳೆ ಹಾಕಿದಳು.

ದೇವು ಒಂದೇ ಸಾಲನ್ನು ಮೂರನೇ ಸಲ ಓದುತ್ತಿದ್ದ.

*

ಕಾದಂಬರಿ ಮುಗಿದ ದಿನ ನಾಯಕಿ ಹೊಳೆಗೆ ಬಿದ್ದಳು. ದೇವು ಅಂಗಿ ತೋಳಿಗೆ ಕಣ್ಣೊತ್ತಿಕೊಂಡ. ದುರಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು “ಬಂಗಾರದಂಥಾ ಹೆಣ್ಣು, ಪಾಪ,” ಎಂದಳು. ಚಂದ್ರಕಲಾ ಎದ್ದು ಹಿತ್ತಲಿಗೆ ಹೋಗಿ ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದಳು.

ಹಿಂದೆಯೇ ದೇವು ಬಂದ. “ಎಲ್ಲಾರೂ ಅತ್ತರು. ನಿಮಗ ಅಳು ಬರಲಿಲ್ಲೇನ್ರಿ?”

“ಆಕಿ ಯಾಕ ಸತ್ತಳ್ರಿ?”

“ಪ್ರೀತಿ… ಅಷ್ಟಿತ್ತು.”

“ಮೇಷ್ಟ್ರಿಗೂ ಇತ್ತಲ್ಲ? ಅವ ಯಾಕ ಸಾಯಲಿಲ್ಲ? ಕಡೀ ಪುಟದಾಗ ಮದಿವಿ ಆಗ್ಯಾನ.” ಚಂಬನ್ನು ಠಣ್ಣನೆ ಇಟ್ಟಳು. “ಗಂಡ ಸತ್ತಾಕೀನ ಏನು ಮಾಡಬೇಕು ಅಂತ ಬರೆದಾವಗ ತಿಳೀಲಿಲ್ಲ, ಹೊಳಿಗೆ ದೂಡಿದ. ನೀವೆಲ್ಲ ಅತ್ತದ್ದು ಆಕಿ ಸತ್ತಳಂತ ಅಲ್ರಿ. ಸತ್ತು ನಿಮ್ಮನ್ನ ಪಾರು ಮಾಡಿದಳಂತ.”

ದೇವು ಚಂಬನ್ನು ಎತ್ತಿ ಕೊಡದ ಪಕ್ಕಕ್ಕೆ ಇಟ್ಟ.

“ನಾ ಏನ್ ಸಾಯಂಗಿಲ್ಲ ಮತ್ತ. ಬಾಜೂ ಮನಿಯಾಗ ಇರ್ತೀನಿ. ಹುಣಸಗಿಯಾಕಿ ಅಂಗಳದಾಗ ನಿಮ್ಮ ಅಂಗಿ ಒಣಗಿ ಹಾಕೋದು ದಿನಾ ನೋಡ್ತೀನಿ. ದಿನಾ ಉರಕೊಂತೀನಿ.”

“ಕೌದಿಯೊಳಗ ಹಸಿರು ತುಂಡು ಯಾಕ ಇಟ್ಟ್ರಿ?”

ಚಂದ್ರಕಲಾ ತಿರುಗಿದಳು. ಅವನು ಕಂಡಿದ್ದ. ಅವನು ದುರಗಮ್ಮನಿಗೆ ಒಂದು ಮಾತು ಹೇಳಿದರೆ ಸಾಕು, ಈ ಮನೆಯ ಹೊಸ್ತಿಲು ಅವಳಿಗೆ ಮುಗಿಯಿತು.

“ಹೇಳ್ರಿ ಹೋಗಿ ನಿಮ್ಮವ್ವಗ.”

“ನಾ ಕೇಳಿದ್ದು ಯಾಕಂತ.”

“ಹೊಟ್ಟಿಕಿಚ್ಚು!” ಎಂದಳು. ಕಣ್ಣು ತುಂಬಿದವು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. “ನೀವಿಬ್ಬರೂ ಹೊದ್ದು ಮಲಗಿದಾಗ ನಡುವ ನಾನೂ ಇರಬೇಕಂತ. ಸಾಕೇನ್ರಿ?”

ದೇವು ಹೊರಟುಹೋದ. ಪುಸ್ತಕ ಪಡಸಾಲೆಯಲ್ಲೇ ಉಳಿಯಿತು.

*

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ.

“ಬಸ್‌ಸ್ಟ್ಯಾಂಡಿನಾಗ ಕಂಡ,” ಎಂದಳು ಗೌಹರಬೇಗಂ. “ಮುಂಜಾನೆ, ಇಸ್ತ್ರಿ ಅಂಗಿ, ಹುಣಸಗಿ ಬಸ್ಸು.”

ದುರಗಮ್ಮನ ಮುಖ ಅರಳಿತು. “ಹುಡುಗೀನ ನೋಡಾಕ ಹೋಗ್ಯಾನ! ನಾಚಿಕಿ ನೋಡು, ಅವ್ವಗ ಸೈತ ಹೇಳಿಲ್ಲ.”

ಇಸ್ತ್ರಿ ಅಂಗಿ. ನಿನ್ನೆ ಹಿತ್ತಲಲ್ಲಿ ಅಷ್ಟೆಲ್ಲ ಕೇಳಿಸಿಕೊಂಡು, ಇವತ್ತು ಇಸ್ತ್ರಿ ಅಂಗಿ. ನೀಲಿಯದೇ ಇರಬೇಕು, ಅವನಿಗೆ ಒಪ್ಪುವುದು ಅದೇ. ಚಂದ್ರಕಲಾ ಕತ್ತರಿ ಎತ್ತಿಕೊಂಡಳು. ಆ ಹಸಿರು ತುಂಡನ್ನು ಕಿತ್ತು ಬಿಸಾಡಬೇಕು. ಅವರಿಬ್ಬರ ನಡುವೆ ಅವಳ ಒಂದು ಎಳೆಯೂ ಬೇಡ.

ಅಷ್ಟರಲ್ಲಿ ದುರಗಮ್ಮ ರೊಟ್ಟಿಯ ತುಣುಕು ತಂದಳು. ಕೌದಿ ಖಾಲಿ ಹೊಟ್ಟೆಯಲ್ಲಿ ಇರಬಾರದೆಂದು ನಡುವೆ ಒಂದು ತುಣುಕು ರೊಟ್ಟಿ ಇಟ್ಟು ಮುಚ್ಚುವುದು ಅವರ ಮನೆಯ ರಿವಾಜು.

“ನೀ ಸರಿ, ಚಂದ್ರಿ. ಇದು ಮುತ್ತೈದಿ ಕೈಲೆ ಆಗಬೇಕು.”

ಚಂದ್ರಕಲಾ ಸರಿದಳು. ಇಡೀ ಕೌದಿ ಹೊಲಿದ ಕೈ ಮಡಿಲಲ್ಲಿ ಸುಮ್ಮನೆ ಬಿತ್ತು.

“ಸರೀಬ್ಯಾಡ.”

ಬಾಗಿಲಲ್ಲಿ ದೇವು. ನೀಲಿ ಅಂಗಿಯ ಇಸ್ತ್ರಿಯೆಲ್ಲ ಬಸ್ಸಿನಲ್ಲಿ ಮುದುಡಿತ್ತು.

“ಹುಣಸಗಿಗೆ ಹೋಗಿ ಒಲ್ಲೆ ಅಂತ ಹೇಳಿ ಬಂದೆ, ಅವ್ವ. ರೇವತಿ ಮುಂದನ ಹೇಳಿದೆ. ‘ಬಂದು ಹೇಳಿದ್ರಿ, ಛಲೋ ಆತು’ ಅಂದಳು. ಮದಿವಿ ಆದ್ರ ಚಂದ್ರಕಲಾನ್ನ ಆಗ್ತೀನಿ. ಆಕಿ ಹೂಂ ಅಂದ್ರ.”

ದುರಗಮ್ಮನ ಕೈಯಿಂದ ರೊಟ್ಟಿ ಬಿತ್ತು. “ತಲಿ ನೆಟ್ಟಗದ ಏನೋ ನಿಂದು? ಗಂಡ ಸತ್ತಾಕಿ ಉಡಿಕಿ, ಎರಡನೇ ಮದಿವಿ, ಆಗೋದು ಹೆಂಡತಿ ಸತ್ತಾವನ್ನ. ನೀ ಇನ್ನೂ ಮದಿವಿ ಆಗಲಾರದಾವ!”

“ನಿನ್ನೆ ಪುಸ್ತಕದಾಕಿಗೆ ಅತ್ತೆಲ್ಲ, ಅವ್ವ?”

“ಅದು ಪುಸ್ತಕ!”

“ನಾನೂ ಹಂಗ ಅಂದುಕೊಂಡು ಕುಂತಿದ್ದೆ. ಓದಿ ಅತ್ತರ ಆತು ಅಂತ.”

ದುರಗಮ್ಮ ಮಗನ ಮುಖ ನೋಡಿದಳು, ಅದು ಬದಲಾಗುವ ಮುಖವಲ್ಲ ಎಂದು ಅವಳಿಗೆ ತಿಳಿಯಿತು. ಕೊನೆಗೆ ಗೋಡೆ ನೋಡುತ್ತ ಅಂದಳು: “ಹಂಗಾರ ರಿವಾಜಿನ ಪ್ರಕಾರ ಆಗಲಿ. ಮದಿವಿ ಆಗಲಾರದಾವ ಇಂಥಾಕೀನ ಕಟಗೋಬೇಕಂದ್ರ ಮೊದಲ ಎಕ್ಕಿ ಗಿಡಕ್ಕ ತಾಳಿ ಕಟ್ಟಬೇಕು. ಗಿಡ ಮೊದಲನೇ ಹೆಂಡತಿ. ಈಕಿ ಎರಡನೇದಾಕಿ.”

“ಕಟ್ಟತೀನಿ,” ಎಂದ ದೇವು ತಕ್ಷಣ. “ಹಿತ್ತಲದಾಗ ಅದ ಗಿಡ.”

“ಬ್ಯಾಡ.”

ಎಲ್ಲರೂ ಚಂದ್ರಕಲಾಳ ಕಡೆ ತಿರುಗಿದರು. ಅವಳ ಮೂಗಿನ ತುದಿ ಕೆಂಪಾಗಿತ್ತು.

“ಪುಸ್ತಕದಾಕಿ ಆತು, ಹುಣಸಗಿಯಾಕಿ ಆತು, ಈಗ ಗಿಡ. ನನಗಿಂತ ಮುಂದ ಇನ್ನೂ ಎಷ್ಟು ಮಂದಿ ಬರ್ತಾರ್ರಿ? ಮೊದಲ ನನಗ ಕಟ್ಟೋದಿದ್ರ ಹೂಂ. ಗಿಡದ ಹಿಂದ ನಿಂದ್ರಂಗಿಲ್ಲ.”

ಗೌಹರಬೇಗಂ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಸೋರಿತು. “ಯಾ ಅಲ್ಲಾ, ಗಿಡದ ಮ್ಯಾಲೂ ಜಲನ್, ಹೊಟ್ಟಿಕಿಚ್ಚು!”

ದುರಗಮ್ಮ ನಗಲಿಲ್ಲ. ಅವಳ ಕೈ ತಾನಾಗಿ ಕೊರಳಿನ ಬೆಳ್ಳಿ ಬಿಲ್ಲೆಗೆ ಹೋಯಿತು. ಗಂಡ ಅಮಾತೆಪ್ಪನ ಸತ್ತ ಮೊದಲ ಹೆಂಡತಿಯ ಹೆಸರಿನ ಬಿಲ್ಲೆ ಅದು. ಹಬ್ಬ ಬಂದರೆ ಮೊದಲು ಅದಕ್ಕೆ ಎಡೆ, ಆಮೇಲೆ ಇವಳ ಊಟ. ಮುಖವನ್ನೇ ನೋಡದ ಆ ಹೆಣ್ಣಿನ ಹಿಂದೆ ನಿಂತು ಇವಳ ಕೂದಲು ಹಣ್ಣಾಗಿತ್ತು.

ಅವಳು ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು ಚಂದ್ರಕಲಾಳ ಅಂಗೈಯಲ್ಲಿ ಹೊಸ ರೊಟ್ಟಿಯ ತುಣುಕು ಇಟ್ಟಳು. ಇನ್ನೂ ಹಬೆಯಾಡುತ್ತಿತ್ತು.

“ತುಂಬು ಕೌದಿ ಹೊಟ್ಟಿ. ಗಿಡ ಬ್ಯಾಡ. ನಿಮ್ಮ ಮಾವಗ ನಾ ಹೇಳ್ತೀನಿ.”

ಚಂದ್ರಕಲಾ ಹಸಿರು ತುಂಡಿನ ಮೇಲೆಯೇ ರೊಟ್ಟಿ ಇಟ್ಟಳು. ದುರಗಮ್ಮ ಕಂಡಳು, ಕೇಳಲಿಲ್ಲ. ಚಂದ್ರಕಲಾ ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣು ಮಂಜಾಗಿ ಆಗಲಿಲ್ಲ. ದೇವು ಪಕ್ಕಕ್ಕೆ ಕೂತು ಪೋಣಿಸಿ ಕೊಟ್ಟ.

“ಹುಣಸಗಿಯಾಕಿ ಛಂದ ಇದ್ದಳೇನ್ರಿ?” ಪಿಸುಗುಟ್ಟಿದಳು.

“ನೋಡಲಿಲ್ಲ.”

“ಸುಳ್ಳು.”

“ಇದ್ದಳು. ಭಾಳ ಛಂದ.”

ಸೂಜಿ ನಿಂತಿತು.

“ಆದ್ರ ಆಕಿ ಚಹಾ ಕೊಟ್ಟು ಮುಂದ ಕುಂತಾಗ,” ಎಂದ ದೇವು, “ಹೇಳಬೇಕಾದ್ದು ಒಂದ ಸಲಕ್ಕ ಹೇಳಿ ಮುಗಿಸಿದೆ. ಒಂದ ಮಾತೂ ಎರಡನೇ ಸಲ ಹೇಳಲಿಲ್ಲ ನೋಡು.”

ನೋಡು ಅಂದಿದ್ದ, ನೋಡ್ರಿ ಅಲ್ಲ. ಚಂದ್ರಕಲಾ ಬಗ್ಗಿ ಹಲ್ಲಿನಿಂದ ದಾರ ಕಡಿದಳು.

“ಏನಂದ್ರಿ? ಕೇಳಲಿಲ್ಲ,” ಎಂದಳು. “ಇನ್ನೊಮ್ಮೆ ಹೇಳ್ರಿ.”