ಜಾಗ ಬಿಟ್ಟು ಜಾರಿದ ಚುಕ್ಕಿ

ಆಕಾಶದಲ್ಲಿರುವ ಉಪಗ್ರಹಗಳೆಲ್ಲ ದಿನಾ ಬೆಳಿಗ್ಗೆ ವೆಬ್‌ಸೈಟ್, ನಕ್ಷೆ ಮಾಡಿಕೊಡುವ ರಾಯಚೂರಿನ ಹುಲಿಗೇಶನಿಗೆ ಸಲಾಂ ಹೊಡೆದೇ ತಿರುಗಲು ಶುರು ಮಾಡುತ್ತಿದ್ದವು. ಅವನಿನ್ನೂ ಹಲ್ಲುಜ್ಜುತ್ತಿದ್ದರೆ, ಪಾಪ, ನಿಂತು ಕಾಯುತ್ತಿದ್ದವು.

ಅಂಥವನಿಗೆ ಹಸೀನಾ ಬೇಗಂ ಒಂದು ಕೆಲಸ ಕೊಟ್ಟರು. ಬೇಗಂ ಅವರದು ಹೊಲಿಗೆ ಮಷಿನ್ ಮಾರಾಟ, ರಿಪೇರಿ. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಒಂದೊಂದು ಅಂಗಡಿ. ಅವರ ವೆಬ್‌ಸೈಟ್‌ಗೆ 'ನಿಮ್ಮ ಹತ್ತಿರದ ಅಂಗಡಿ' ಅಂತ ನಕ್ಷೆ ಸೇರಿಸಬೇಕು. ಊರಿನ ಹೆಸರು ಬರೆದರೆ ಹತ್ತಿರದ ಅಂಗಡಿಯ ಮೇಲೆ ಕೆಂಪು ಚುಕ್ಕಿ ಮೂಡಬೇಕು, ದಾರಿ ತೋರಬೇಕು.

ದೇವದುರ್ಗದ ಅಂಗಡಿಯ ವಿಳಾಸ 'ಹಳೇ ಟಾಕೀಸ್ ಹಿಂದ, ಬೇವಿನ ಗಿಡದ ಎದುರು.' ಇಂಥ ವಿಳಾಸ ಯಾವ ನಕ್ಷೆಗೆ ಅರ್ಥವಾದೀತು? ಹುಲಿಗೇಶನೇ ಬಸ್ಸು ಹತ್ತಿ ಹೋದ.

ಅಂಗಡಿ ನೋಡಿಕೊಳ್ಳುವ ವಿಶಾಖಾ ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತೆರೆದ ಕಣ್ಣಿನಿಂದಲೇ ಅವನನ್ನು ನೋಡಿದಳು. ಎರಡೂ ಕಣ್ಣು ತೆರೆದಿದ್ದರೆ ಅವನು ಹೊಸ್ತಿಲಲ್ಲೇ ಬೂದಿಯಾಗುತ್ತಿದ್ದ.

"ಲೊಕೇಶನ್ ತಗೋಳಾಕ ಬಂದೀರೇನು? ಒಳಗ ಬರ್ರಿ."

"ಭಾಳ ತ್ರಾಸಿನ ಕೆಲಸರೀ ಮೇಡಂ. ಇಡೀ ಕರ್ನಾಟಕದಾಗ ನನ್ನ ಬಿಟ್ರ ಯಾರಿಗೂ ಬರಂಗಿಲ್ಲ."

"ಅಯ್ಯ! ಹಂಗಾದ್ರ ಉಳಿದ ಮಂದಿ ಅಂಗಡಿ ಹೆಂಗ ಹುಡುಕ್ತಾರ?"

ಅವಳ ತುಟಿಯ ಅಂಚು ಅಲುಗಿತು. ಕೆಲಸ ಒಂದೇ ನಿಮಿಷದಲ್ಲಿ ಮುಗಿದುಹೋಯಿತು. ಅದೇ ಅವನ ದುರದೃಷ್ಟ.

ರಾಯಚೂರಿಗೆ ಮರಳಿದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊಣಕಾಲು ತಾನಾಗಿ ಕುಣಿಯಿತು. ಚಹಾ ಆರಿತು. ಆ ವಾರದಲ್ಲಿ ಹತ್ತೊಂಬತ್ತು ದಿನಗಳಿದ್ದವು. ಶುಕ್ರವಾರ ತಾಳಲಾರದೆ, ಕಂಪ್ಯೂಟರಿನಲ್ಲಿ ದೇವದುರ್ಗದ ಚುಕ್ಕಿಯನ್ನು ಪಕ್ಕದ ಓಣಿಗೆ ಸರಿಸಿದ. ಶನಿವಾರ ಸರಿಮಾಡಲು ಹಾಜರಾದ.

"ಬಿಸಿಲಿಗೆ ಚುಕ್ಕಿ ಸರದದ ನೋಡ್ರಿ."

"ಮಾನ್ವಿ ಅಂಗಡೀದು ಸರದಿಲ್ಲಲ್ಲ? ಅಲ್ಲಿ ಬಿಸಿಲಿಲ್ಲೇನು?"

"ಅಲ್ಲೀ ಬಿಸಿಲು ಬ್ಯಾರೇರೀ."

ಅವಳು ನಕ್ಕು ಚಹಾ ತರಿಸಿದಳು. ಮುಂದಿನ ಶನಿವಾರವೂ ಚುಕ್ಕಿ ಸರಿದಿತ್ತು, ಚಹಾ ತರಿಸಿದಳು. ಮೂರನೆಯ ಶನಿವಾರ ನಗಲಿಲ್ಲ.

"ಈ ತಿಂಗಳು ವೆಬ್‌ಸೈಟ್ ನೋಡಿ ಗಿರಾಕಿ ಬರಲಿಲ್ಲಂದ್ರ ಬೇಗಂ ಈ ಅಂಗಡಿ ಮುಚ್ಚತಾರಂತ್ರಿ. ನಾ ಮಾನ್ವಿಗೆ ಹೋಗಿ ಇನ್ನೊಬ್ಬರ ಕೈಕೆಳಗ ದುಡೀಬೇಕು. ಮೂರು ವರ್ಷ ಕಾದು ಈ ಅಂಗಡಿ ಕೀಲಿ ನನ್ನ ಕೈಗೆ ಬಂದದ."

ಹುಲಿಗೇಶ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಶುಕ್ರವಾರ ಮತ್ತೆ ಬಂತು. ಇದೊಂದೇ ಸಲ, ಎಂದುಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಲೇ ಮೊಬೈಲಿನಲ್ಲಿ ಚುಕ್ಕಿ ಸರಿಸಿದ. ಬೆರಳು ಎಲ್ಲಿಗೆ ಜಾರಿತೆಂದು ನೋಡಲಿಲ್ಲ.

ಶನಿವಾರ ಅಂಗಡಿಗೆ ಕಾಲಿಟ್ಟಾಗ ಜಾಲಹಳ್ಳಿಯ ಕನಕಮ್ಮ ತನ್ನ ಮಷಿನ್ ಕೌಂಟರಿನ ಮೇಲೆ ಕುಕ್ಕುತ್ತಿದ್ದಳು.

"ನಿಮ್ಮ ನಕ್ಷಿ ನಂಬಿ ಕೃಷ್ಣಾ ಹೊಳಿ ದಂಡಿಗೆ ಹೋಗಿದ್ನೆವ್ವಾ! ಆಟೋದಂವ, 'ಇಳಿಯಬೇ, ನಿನ್ನ ಅಂಗಡಿ ನೀರಾಗದ' ಅಂದ! ನಮ್ಮೂರಾಗ ಇನ್ನಿಬ್ಬರು ಹಿಂಗ ತಿರುಗಿ ಸಾಕಾಗಿ ಮಾನ್ವಿಗೆ ಹೋದ್ರು."

ಕನಕಮ್ಮ ಮಷಿನ್ ಬಿಟ್ಟು ಹೋದ ಮೇಲೆ ವಿಶಾಖಾ ತನ್ನ ಮೊಬೈಲ್ ಅವನತ್ತ ತಿರುಗಿಸಿದಳು.

"ಅಂಗಡಿ ಟೈಮಿಂಗ್ ಹಾಕಾಕಂತ ಬೇಗಂ ನನಗೂ ಪಾಸ್‌ವರ್ಡ್ ಕೊಟ್ಟಾರ. ಯಾರು, ಯಾವಾಗ, ಏನು ಬದಲಿಸಿದ್ರು, ಎಲ್ಲಾ ಇದ್ರಾಗ ಬರ್ತದ. ಓದ್ರಿ."

ನಾಲ್ಕು ಶುಕ್ರವಾರ. ನಾಲ್ಕರ ಮುಂದೆಯೂ ಅವನದೇ ಹೆಸರು. ನಾಲಿಗೆಯ ತುದಿಗೆ ಬಂದಿದ್ದ ಏಳು ಸುಳ್ಳುಗಳು ಅವಳ ಮುಖ ನೋಡಿ ವಾಪಸು ಹೋದವು.

"ಅಂಗಡಿ ಮುಚ್ಚಿದ್ರ ಯಾರನ್ನ ನೋಡಾಕ ಬರ್ತಿದ್ರಿ?" ಎಂದಳು.

ಅವನು ಮೊಬೈಲ್ ತೆಗೆದ. ಚುಕ್ಕಿಯನ್ನು ಹೊಸ್ತಿಲಿಗೆ ತಂದು ನಿಲ್ಲಿಸಿದ. ಆಮೇಲೆ ಬೇಗಂ ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

"ಅಮ್ಮಾ, ದೇವದುರ್ಗಕ್ಕ ಗಿರಾಕಿ ಬರದಂಗ ಮಾಡಿದಂವ ನಾನ. ನಕ್ಷಿ ಕೆಡಿಸಿದ್ದೂ ನಾನ. ವಿಶಾಖಾ ಅವರದು ಏನೂ ತಪ್ಪಿಲ್ಲ. ಅವರಿಗೆ ಇನ್ನೊಂದು ತಿಂಗಳು ಕೊಡ್ರಿ."

ಆ ಕಡೆ ಲೆಕ್ಕದ ಪುಸ್ತಕದ ಹಾಳೆ ತಿರುವಿದ ಸದ್ದು. ಹುಲಿಗೇಶನಿಗೆ ಅದು ಒಂದು ಯುಗ. ಗೋಡೆಯ ಗಡಿಯಾರಕ್ಕೆ ಐದು ಸೆಕೆಂಡು.

"ಅಕೀಗೆ ಎರಡು ತಿಂಗಳು ಕೊಟ್ಟೆ," ಅಂದರು ಬೇಗಂ. "ನಿನ್ನ ಕೆಲಸ ಇವತ್ತಿಗೆ ಮುಗೀತು ಬೇಟಾ."

ಫೋನ್ ಕಟ್ಟಾಯಿತು. ವಿಶಾಖಾ ಅವನತ್ತ ತಿರುಗಿದಳು. ಕಣ್ಣಲ್ಲಿ ಸಿಟ್ಟು ಇನ್ನೂ ಇತ್ತು. ಅದರ ಹಿಂದಿನಿಂದ ಇನ್ನೇನೋ ಇಣುಕುತ್ತಿತ್ತು.

"ಈಗ ಕೆಲಸದ ನೆಪನೂ ಹೋತು. ಮುಂದಿನ ಶನಿವಾರ ಏನಂತ ಬರ್ತೀರಿ?"

"ಏನೂ ಅನ್ನಂಗಿಲ್ರಿ. ಬರೇ ಬರ್ತೀನಿ." ಅವನು ತಲೆ ತಗ್ಗಿಸಿದ. "ಖರೇ ಹೇಳ್ತೀನಿ. ಇಂಥ ನಕ್ಷಿ ಯಾರು ಬೇಕಾದ್ರೂ ಮಾಡ್ತಾರ. ನನಗ ಬರ್ಲಾರದ್ದು ಒಂದ, ನಿಮ್ಮನ್ನ ನೋಡಲಾರದ ಒಂದು ವಾರ ಕಳಿಯೋದು."