ನಿಮಗೆ ಆಪರೇಷನ್ ಬೇಡ

"ಯಾಕೆ ಬಂದ್ರಿ? ಇದ್ದೀನಾ, ಸತ್ತಿದ್ದೀನಾ ಅಂತ ನೋಡೋಕಾ?"

ಕಂಪಲಾಪುರದ ತವರುಮನೆಯ ಬಾಗಿಲಲ್ಲಿ ಗಂಡನನ್ನು ಕಂಡೊಡನೆ ಬೃಂದಾ ಸಿಡಿದಳು. ಅವಳ ಕಣ್ಣು, ಮೈಯೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿತ್ತು.

ಚಲುವರಾಜು ಎರಡು ತಿಂಗಳಿಂದ ಇತ್ತ ಸುಳಿದಿರಲಿಲ್ಲ. ಸರಗೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿಯವನು. ಫೋನ್ ಮಾಡಿದರೆ "ಕೆಲ್ಸ ಐತೆ" ಅನ್ನುವುದಷ್ಟೇ. ಈಗ ನೋಡಿದರೆ ಅರ್ಧಕ್ಕರ್ಧ ಇಳಿದುಹೋಗಿದ್ದಾನೆ!

'ರೋಗಿಷ್ಟೆ ಹೆಂಡತಿ ಸಾಕಾಗಿರಬೇಕು...'

ಮದುವೆಯಾದ ಮರುವರ್ಷ ಪಿತ್ತಕೋಶದ ಕಲ್ಲು ತೆಗೆಸಿಕೊಂಡಿದ್ದಳು. ಸಣ್ಣ ಆಪರೇಷನ್ ಅಂದಿದ್ದರು. ಆದರೆ ಡಾಕ್ಟರ ಕೈತಪ್ಪಿ ಪಿತ್ತನಾಳವೇ ತುಂಡಾಗಿತ್ತು! ಸರಿಪಡಿಸಲು ಮತ್ತೆ ಹೊಟ್ಟೆ ತೆರೆದರು. ಮೇಲಿಂದ ಮೇಲೆ ಚಳಿಜ್ವರ, ಕಾಮಾಲೆ... ಕೊನೆಗೆ ಲಿವರೇ ಕೆಟ್ಟಿತು. ಬೇರೆ ಲಿವರ್ ಹಾಕದೆ ದಾರಿಯಿಲ್ಲ ಅಂದರು. ತನ್ನದರಲ್ಲಿ ಒಂದು ಭಾಗ ಕೊಡಲು ಮುಂದಾದ ತಾಯಿ ಚಾಮುಂಡಮ್ಮನಿಗೆ ಸಕ್ಕರೆ ಕಾಯಿಲೆ, ಆಗದು ಎಂದುಬಿಟ್ಟರು.

"ಬೇರೆ ಮದ್ವೆ ಗೊತ್ತಾಯ್ತಾ? ಹೇಳ್ಬುಡಿ..." ಅಂದಳು.

"ಏನ್ ಮಾತು ಅಂತ ಆಡ್ತೀಯೇ!" ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತ. "ನನ್ ಲಿವರ್‌ನಾಗೆ ಕೊಬ್ಬೈತೆ, ತೂಕ ಇಳಿಸ್ಕಂಡು ಬಾ ಅಂದಿದ್ರು ಡಾಕ್ಟ್ರು. ದಿನಾ ನಡ್ದೆ, ಅರ್ಧ ಮುದ್ದೆ ಉಂಡೆ. ನಿಂಗೆ ಆಸೆ ಹುಟ್ಸಿ, ಆಮ್ಯಾಕೆ ಆಗಕಿಲ್ಲ ಅಂದ್ಬುಟ್ರೆ? ಅದ್ಕೇ ಹೇಳ್ನಿಲ್ಲ. ನೆನ್ನೆ ಒಪ್ಕಂಡ್ರು ಕಣೇ. ನನ್ ಲಿವರ್‌ನಾಗೆ ಒಂದ್ ಭಾಗ ನಿಂಗೆ."

ಬೃಂದಾ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ!"

"ಯಾಕೆ?"

"ನಂಗೂ ಏನೂ ಆಗಲ್ಲ ಅಂದಿದ್ರು. ಯಾರದೋ ಕೈತಪ್ಪಿಗೆ ಹಿಂಗಾದೆ. ಗಟ್ಟಿಮುಟ್ಟಾಗಿರೋ ನಿಮ್ ಹೊಟ್ಟೆ ಯಾಕೆ ಕುಯ್ಸ್ಕೋತೀರಾ? ನಾನು ಒಪ್ಪಲ್ಲ... ಹೋಗಿ!"

ಅವನು ಏಳಲಿಲ್ಲ.

"ಭಯ ನಂಗೂ ಐತೆ, ಬೃಂದಾ. ಅಪಾಯ ಐತೆ ಅಂತ ಡಾಕ್ಟ್ರೂ ಮುಚ್ಚಿಡ್ನಿಲ್ಲ. ಆದ್ರೆ ಸಂಜೆ ಅಂಗಡಿ ಮುಚ್ಚಿ, ನೀನಿಲ್ದಿರೋ ಮನೆ ಬೀಗ ತೆಗೀತೀನಲ್ಲ... ಆಗ ಆಗೋ ಭಯ ಇನ್ನೂ ದೊಡ್ದು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಬಹಳ ಹೊತ್ತಿನ ಮೇಲೆ ಅವನ ಪಕ್ಕ ಕುಳಿತು, ಕೈ ಹಿಡಿದುಕೊಂಡಳು.

ಆಪರೇಷನ್ ಮುಗಿದು ಬೃಂದಾ ಐಸಿಯುನಲ್ಲಿ ಕಣ್ಣು ಬಿಟ್ಟಾಗ ಬಾಯಲ್ಲಿ ನಳಿಕೆ, ಮಾತಾಡಲಾಗದು. 'ಅವರೆಲ್ಲಿ?' ಎಂದು ಕಣ್ಣಲ್ಲೇ ಹುಡುಕಿದಳು.

"ನಿಮ್ ಯಜಮಾನ್ರು ಚೆನ್ನಾಗಿದಾರೆ," ಅಂದಳು ನರ್ಸ್ ಐಶ್ವರ್ಯ.

ಕಲ್ಲು ತೆಗೆದ ದಿನ ತನ್ನ ಬಗ್ಗೆಯೂ ಚೆನ್ನಾಗಿದ್ದಾಳೆ ಅಂತಲೇ ಹೇಳಿರಲಿಲ್ಲವೇ? ಬೃಂದಾ ನಂಬಲಿಲ್ಲ. ನಳಿಕೆ ತೆಗೆದ ಮೇಲೂ ಅವಳದು ಒಂದೇ ಹಟ... ಕಣ್ಣಾರೆ ನೋಡಬೇಕು!

ಕೊನೆಗೊಂದು ಬೆಳಿಗ್ಗೆ ಗಾಲಿಕುರ್ಚಿ ಒಳಗೆ ಬಂತು. ಮಾಸ್ಕ್ ತೊಟ್ಟು, ಹೊಟ್ಟೆ ಒತ್ತಿ ಹಿಡಿದು, ಮೆಲ್ಲಗೆ ಉಸಿರಾಡುತ್ತಾ... ಚಲುವರಾಜು!

"ಬಿಟ್ಟುಹೋದ್ರಿ ಅಂದ್ಕೊಂಡಿದ್ದೆ... ತಪ್ಪಾಯ್ತು ಕಣ್ರೀ."

"ತಪ್ಪೇ ಕಣೇ. ಅದ್ಕೆ ಜಗಳ ಬಾಕಿ ಐತೆ. ಹೊಲ್ಗೆ ಬಿಚ್ಲಿ, ಆಡ್ತೀನಿ."

ಅವಳಿಗೆ ನಗು ಬಂತು, ನಕ್ಕರೆ ನೋವು.

"ನಗಿಸ್ಬೇಡ್ರೀ... ನೋಯ್ತದೆ."

"ನಂಗೂ," ಅಂದ ಅವನು, ನಗುತ್ತಲೇ.