ಮೈನಸ್ ಒಂದರ ಹುಡುಗಿ

ಸಾಲ ಮಾಡದೆ ಬದುಕಿದವಳಿಗೆ ಶಹಭಾಸ್ ಸಿಗುತ್ತದೆ ಎಂದುಕೊಂಡು ಅಕ್ಷಯಾ ಬ್ಯಾಂಕಿಗೆ ಹೋಗಿದ್ದಳು. ಸಿಕ್ಕಿದ್ದು ಮೈನಸ್ ಒಂದು.

"ನಿನ್ನ ಕ್ರೆಡಿಟ್ ಸ್ಕೋರು ಮೈನಸ್ ಒನ್ ಕಣೇ," ಎಂದಳು ಕಂಪ್ಯೂಟರಿನ ಹಿಂದೆ ಕೂತಿದ್ದ ಬಿಂದು. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚಿನವರು.

"ನಾನು ಯಾರ ಹತ್ರಾನೂ ಒಂದು ರೂಪಾಯಿ ಸಾಲ ಮಾಡಿಲ್ಲ. ಅದಕ್ಕೆ ಮೈನಸ್ಸಾ?"

"ಮಾಡಿಲ್ವಲ್ಲ, ಅದಕ್ಕೇ. ತಗೊಂಡು ತೀರಿಸಿದ್ರೆ ತಾನೇ ನೀನು ಎಂಥವಳು ಅಂತ ಗೊತ್ತಾಗೋದು?"

"ಮತ್ತೆ ಮೊದಲ್ನೇ ಸಲ ಯಾರು ಕೊಡ್ತಾರೆ?"

"ಸಾಲ ತೀರಿಸಿದ ಹಿಸ್ಟರಿ ಇರೋರಿಗೆ ಕೊಡ್ತಾರೆ."

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಈ ಗಾದೆ ಕಟ್ಟಿದ ಪುಣ್ಯಾತ್ಮ ಯಾವ ಬ್ಯಾಂಕಿಗೆ ಹೋಗಿ ಬಂದಿದ್ದನೋ. ಅಕ್ಷಯಾಳಿಗೆ ತಲೆ ಬುಡ ತಿಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಅವಳಿಗೆ ಇಪ್ಪತ್ತೇಳು ವರ್ಷ. ಚಾಮರಾಜಪೇಟೆಯ ಮನೆಯ ಮಹಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಕೈತುಂಬ ಆರ್ಡರು. ಆದರೆ ಗ್ಯಾಸು, ಕರೆಂಟು, ಕೊನೆಗೆ ಅವಳ ಫೋನಿನ ಸಿಮ್ಮು ಕೂಡ ಇದ್ದದ್ದು ಅಪ್ಪ ಪರಮಶಿವಯ್ಯನವರ ಹೆಸರಿನಲ್ಲಿ. ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಅವರಿಗೆ ಕ್ರೆಡಿಟ್ ಕಾರ್ಡು ಎಂದರೇ ಆಗದು. ತನ್ನ ಹೆಸರು ಅಚ್ಚಾದ ಒಂದು ವಸ್ತು ತನ್ನ ಪರ್ಸಿನಲ್ಲಿರಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂಬುದು ಅಕ್ಷಯಾಳ ಆಸೆ. ಹಾಗಾಗಿ ಮನೆಯಲ್ಲಿ ಹೇಳದೆ ಬಂದಿದ್ದಳು.

"ಅರ್ಜಿ ಹಾಕು, ನೋಡೋಣ," ಎಂದಳು ಬಿಂದು. "ಇಲ್ಲಿ ರೆಫರೆನ್ಸ್ ಅಂತ ಒಬ್ರ ಹೆಸರು ಬರಿ. ನೆಂಟರಾಗಿರಬಾರದು. ನಿನ್ನನ್ನ ಐದು ವರ್ಷದಿಂದ ಬಲ್ಲವ್ರಾಗಿರ್ಬೇಕು. ನಮ್ಮ ಕಡೆಯವ್ರು ಹೋಗಿ ವಿಚಾರಿಸ್ತಾರೆ."

ಅಕ್ಷಯಾ ಪೆನ್ನು ಕಚ್ಚಿಕೊಂಡು ಯೋಚಿಸುವ ಹಾಗೆ ನಟಿಸಿದಳು. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಕಿವಿಯ ತುದಿ ಬಿಸಿಯಾದದ್ದು ಬಿಂದುವಿಗೆ ಕಾಣದಿರಲೆಂದು ಕೂದಲು ಮುಂದೆ ಬಿಟ್ಟುಕೊಂಡು ಬರೆದಳು: ಚಿದಂಬರ, ಹೊಲಿಗೆ ಮಿಷನ್ ರಿಪೇರಿ.

ಅವನ ಅಂಗಡಿ ಎರಡು ಬೀದಿಯಾಚೆ. ಆರು ವರ್ಷದಿಂದ ಅವಳ ಮಿಷನ್ನಿಗೆ ಅವನೇ ವೈದ್ಯ. ಇಡೀ ಚಾಮರಾಜಪೇಟೆಯಲ್ಲಿ ಅವಳ ಮಿಷನ್ನಿನಷ್ಟು ಕೆಡುವ ಮಿಷನ್ನು ಇನ್ನೊಂದಿರಲಿಲ್ಲ. ಏಕೆ ಕೆಡುತ್ತಿತ್ತು ಎಂಬುದು ಆಮೇಲೆ.

ಹೆಸರು ಬರೆದದ್ದನ್ನು ಅವನಿಗೆ ಹೇಳಲು ನಾಚಿಕೆಯಾಗಿ ಸುಮ್ಮನಾದಳು. ಎಡವಟ್ಟಾದದ್ದು ಅಲ್ಲೇ.

ಮುಂದಿನ ವಾರ ಬಾಬಿನ್ ಕೇಸ್ ಹಿಡಿದುಕೊಂಡು ಅಂಗಡಿಗೆ ಹೋದಳು. ಯಾವಾಗಲೂ ಚಿದಂಬರ ಮೊದಲು ಕನ್ನಡಕದ ಮೇಲಿಂದ ನೋಡುತ್ತಿದ್ದ, ಆಮೇಲೆ ನಗು ನಿಧಾನವಾಗಿ ಬಂದು ಸೇರುತ್ತಿತ್ತು. ಆ ಎರಡರ ನಡುವಿನ ಗಳಿಗೆಗಾಗಿಯೇ ಅವಳು ಎರಡು ಬೀದಿ ನಡೆಯುತ್ತಿದ್ದದ್ದು. ಅವತ್ತು ನೋಡಿದ, ನಗು ಬರಲಿಲ್ಲ.

"ನಿಮ್ಮನ್ನ ವಿಚಾರಿಸ್ಕೊಂಡು ಒಬ್ರು ಬಂದಿದ್ರು," ಎಂದ. "ನರಸಿಂಹಯ್ಯ ಅಂತ. ವಯಸ್ಸಾದವ್ರು. ಬಿಳೀ ಪಂಚೆ, ಛತ್ರಿ, ಕಂಕುಳಲ್ಲಿ ಬ್ಯಾಗು."

"ಹೌದಾ? ಒಪ್ಕೊಳ್ತಾರೆ ಅನ್ಸುತ್ತಾ?"

ಅವನು ಕೈಯಲ್ಲಿದ್ದ ಬಾಬಿನ್ನನ್ನೇ ನೋಡುತ್ತ ಕೇಳಿದ. "ನಿಮಗೆ ಇಷ್ಟ ಇದೆಯಾ?"

"ಎಷ್ಟು ದಿನದ ಆಸೆ ಗೊತ್ತಾ. ಮನೇಲಿ ಇನ್ನೂ ಹೇಳಿಲ್ಲ. ಎಲ್ಲಾ ಸೆಟ್ ಆಗ್ಲಿ, ಆಮೇಲೆ ಹೇಳ್ತೀನಿ."

ಬಾಬಿನ್ನು ಅವನ ಕೈಯಿಂದ ಜಾರಿ ಬಿದ್ದು, ದಾರ ಬಿಚ್ಚಿಕೊಳ್ಳುತ್ತ ಹೊಸ್ತಿಲವರೆಗೆ ಉರುಳಿಕೊಂಡು ಹೋಯಿತು. ಅವನು ಏಳಲಿಲ್ಲ. ಅವಳೇ ಎತ್ತಿ, ದಾರ ಸುತ್ತಿ ಮೇಜಿನ ಮೇಲಿಟ್ಟಳು. ಒಂದು ಕಾರ್ಡಿಗೆ ಇಷ್ಟು ಸಪ್ಪೆ ಮುಖವೇ? ಇವನಿಗೂ ಅಪ್ಪನ ಹಾಗೆ ಕಾರ್ಡು ಕಂಡರೆ ಆಗದೇನೋ ಎಂದು ತಲೆ ಕೆಡಿಸಿಕೊಂಡು ಮನೆಗೆ ಬಂದಳು.

ನಾಲ್ಕು ದಿನಕ್ಕೆ ಅರ್ಜಿ ತಿರಸ್ಕಾರವಾಯಿತು.

"ನಾನು ಹೇಳಬಾರದು," ಎಂದು ಬಿಂದು ದನಿ ತಗ್ಗಿಸಿದಳು. "ನಿನ್ನ ರೆಫರೆನ್ಸೇ ಕೈ ಕೊಟ್ಟಿದಾರೆ. ಕೇಳು. 'ತೆಗೆದುಕೊಂಡ ವಸ್ತುವನ್ನು ವಾಪಸ್ ಕೊಡುವ ಅಭ್ಯಾಸವಿಲ್ಲ. ಯಾವಾಗ ಬೇಕಾದರೂ ಊರು ಬಿಡಬಹುದು. ಒಟ್ಟಿನಲ್ಲಿ ಬೇಡ.'"

ಅಕ್ಷಯಾಳಿಗೆ ಅಳು ಬಂತು. ಕಾರ್ಡು ಹೋದದ್ದಕ್ಕಲ್ಲ. ಆರು ವರ್ಷ ನೋಡಿದ ಮೇಲೆ ಅವನು ಕಂಡದ್ದು ಇಷ್ಟೇನಾ ಎಂದು. ಮನೆಗೆ ಹೋಗಿ ಡ್ರಾಯರಿನಿಂದ ಹಳದಿ ಹಿಡಿಯ ಪುಟ್ಟ ಸ್ಕ್ರೂಡ್ರೈವರ್ ತೆಗೆದಳು. ಎರಡು ವರ್ಷದ ಹಿಂದೆ ಅವನಿಂದ ಇಸಿದುಕೊಂಡದ್ದು. ಸೀದಾ ಅಂಗಡಿಗೆ ಹೋಗಿ ಅವನ ಮೇಜಿನ ಮೇಲಿಟ್ಟಳು.

"ತಗೊಳ್ಳಿ. ವಾಪಸ್ ಕೊಡೋ ಅಭ್ಯಾಸ ಇಲ್ವಲ್ಲ ನನಗೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿದಂಬರ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಹುಡುಗನ ಕಡೆಯವ್ರು ಹೇಳಿದ್ರಾ?"

"ಯಾವ ಹುಡುಗ?"

"ಆ ನರಸಿಂಹಯ್ಯನವ್ರನ್ನ ಕಳ್ಸಿದ್ರಲ್ಲ. ಎಲ್ಲಿಂದ ಬಂದೆ ಅಂತ ಅವ್ರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹುಡುಗಿ ಹೇಗೆ, ಎಷ್ಟು ವರ್ಷದಿಂದ ಗೊತ್ತು, ನಂಬಬಹುದಾ ಅಂದ್ರು. ಸಂಪಾದನೆ ಎಷ್ಟು, ಮನೆ ಸ್ವಂತದ್ದಾ ಅಂತಾನೂ ಕೇಳಿದ್ರು. ಎಂಥಾ ಆಸೆಬುರುಕ ಜನ ಅನ್ಕೊಂಡೆ."

"ಅವ್ರು ಬ್ಯಾಂಕಿನವ್ರು."

"ಹುಡುಗ ಬ್ಯಾಂಕಲ್ಲಿದಾನಾ?"

"ಹುಡುಗಾನೇ ಇಲ್ಲ ರೀ. ನಾನು ಕ್ರೆಡಿಟ್ ಕಾರ್ಡಿಗೆ ಹಾಕಿದ್ದೆ."

ಇಂಗು ತಿಂದ ಮಂಗನ ಹಾಗೆ ಅವನು ಸ್ಟೂಲಿನ ಮೇಲೆ ಕುಸಿದ. ಬಹಳ ಹೊತ್ತು ಕನ್ನಡಕ ಒರೆಸಿದ. ಒರೆಸುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

"ಚೆನ್ನಾಗಿ ಹೇಳ್ಬೇಕು ಅಂತಾನೇ ಬಾಯಿ ತೆಗೆದೆ," ಎಂದ. "ಹೇಳಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬಿಡ್ತಾರಲ್ಲ ಅನ್ನಿಸ್ತು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಅವ್ರು ಹೋದ್ಮೇಲೆ ನಾಚಿಕೆ ಆಯ್ತು. ಹೇಳಿದ್ದೆಲ್ಲ ಸುಳ್ಳು ಅನ್ನೋಕೆ ಬಸ್ ಸ್ಟಾಪ್ ತನಕ ಓಡಿದೆ, ಸಿಗ್ಲಿಲ್ಲ."

"ನನ್ನನ್ನ ಯಾರಾದ್ರೂ ಕರ್ಕೊಂಡು ಹೋದ್ರೆ ನಿಮಗೇನು?"

"ನಿಮ್ಮ ಮಿಷನ್ನಿನ ಆ ಒಂದು ತಿರುಪು ಯಾಕೆ ಪದೇ ಪದೇ ಸಡ್ಲ ಆಗುತ್ತೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಗ್ತಾನೇ ಇರ್ಲಿ ಅಂತ ಬೇಡ್ಕೋತೀನಿ."

ಅಕ್ಷಯಾ ಮೇಜಿನ ಮೇಲಿದ್ದ ಸ್ಕ್ರೂಡ್ರೈವರನ್ನು ಬೆರಳಿನಿಂದ ತಳ್ಳಿದಳು. "ಇದನ್ನ ಯಾಕೆ ವಾಪಸ್ ಕೊಡ್ಲಿಲ್ಲ ಅನ್ಕೊಂಡ್ರಿ?"

ಅವನು ಸ್ಕ್ರೂಡ್ರೈವರ್ ನೋಡಿದ. ಅವಳನ್ನು ನೋಡಿದ. ಕಳೆದ ವಾರ ಬರಬೇಕಾಗಿದ್ದ ನಗು ಆಗ ಬಂತು.

ಅವಳು ನಿಲ್ಲಲಾರದೆ ಹೊರಟು ಬಂದಳು. ಎರಡನೇ ಬೀದಿಯ ತಿರುವಿನಲ್ಲಿ ಮತ್ತೆ ಗೊಂದಲ. ಅವನು ಹೇಳಿದ್ದೇನು, ತಾನು ಹೇಳಿದ್ದೇನು? ಪ್ರೀತಿ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಿರಲಿಲ್ಲ. ಹೇಳಿದ ಹಾಗೆಯೋ, ಹೇಳದ ಹಾಗೆಯೋ?

ಸೋಮವಾರ ಇನ್ನೊಮ್ಮೆ ಕೇಳಿ ನೋಡೋಣವೆಂದು ಅವಳು ಬ್ಯಾಂಕಿಗೆ ಹೋದಾಗ ಚಿದಂಬರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಹುಡುಗಿ ಒಳ್ಳೆಯವಳು ಎಂದು ಬರೆದುಕೊಡಲು ಬಂದಿದ್ದನಂತೆ.

"ಅದೆಲ್ಲ ಏನೂ ಬೇಡ ಸಾರ್," ಎಂದಳು ಬಿಂದು, ನಗು ತಡೆಯುತ್ತ. "ಅಕ್ಷಯಾ, ಒಂದು ಎಫ್‌ಡಿ ಇಡು. ಅದರ ಮೇಲೆ ಕಾರ್ಡು ಕೊಡ್ತಾರೆ. ಸ್ಕೋರೂ ಬೇಡ, ಇಂಥ ರೆಫರೆನ್ಸೂ ಬೇಡ. ಮೊದಲ್ನೇ ಕಾರ್ಡಿಗೆ ಅದೇ ದಾರಿ."

ಬ್ಲೌಸ್ ಹೊಲಿದು ಕೂಡಿಟ್ಟದ್ದನ್ನು ಎಫ್‌ಡಿ ಇಡಲು ಅಕ್ಷಯಾ ಫಾರಂ ತುಂಬತೊಡಗಿದಳು. ನಾಮಿನಿ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ನಿಧಾನವಾಗಿ ಚಿದಂಬರ ಎಂದು ಬರೆದಳು. ಪಕ್ಕದಲ್ಲಿ ಇನ್ನೊಂದು ಕಾಲಂ ಇತ್ತು, ಸಂಬಂಧ.

"ಖಾಲಿ ಬಿಡೋ ಹಾಗಿಲ್ಲ," ಎಂದಳು ಬಿಂದು.

ಅಕ್ಷಯಾ ಫಾರಮ್ಮನ್ನೂ ಪೆನ್ನನ್ನೂ ಅವನ ಕಡೆ ಸರಿಸಿದಳು. "ನೀವೇ ಬರೀರಿ. ಈ ಸಲ ಯೋಚ್ನೆ ಮಾಡಿ."

ಅವನು ಯೋಚಿಸಿ ಬರೆದ: ಸ್ನೇಹಿತ. ಅವಳು ಸುಮ್ಮನೆ ನೋಡಿದಳು. ಆ ನೋಟವನ್ನು ಅವನು ಕನ್ನಡಕದ ಮೇಲಿಂದ ಒಮ್ಮೆ, ಒಳಗಿಂದ ಒಮ್ಮೆ ಓದಿದ. ಬರೆದದ್ದನ್ನು ಹೊಡೆದುಹಾಕಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಭಾವಿ ಪತಿ ಎಂದು ಬರೆದ.

ಮನೆಯಲ್ಲಿ ಹೇಳಬೇಕಾದ ವಿಷಯಗಳು ಈಗ ಎರಡಾದವು.

ಬಿಂದು ಫಾರಂ ಎಳೆದುಕೊಂಡು ನೋಡಿದಳು. "ಹೊಡೆದು ಬರೆದ ಕಡೆ ಒಂದು ಸಹಿ ಬೇಕು," ಎಂದಳು. ಚಿದಂಬರ ಪೆನ್ನಿನ ಸಮೇತ ಮುಂದೆ ಬಾಗಿದ. "ನಿಮ್ಮದಲ್ಲ ಸಾರ್. ಅವಳದ್ದು. ಅವಳು ಒಪ್ಪಿದ್ರೇನೇ ಅದು ಲೆಕ್ಕಕ್ಕೆ."

ಅಕ್ಷಯಾ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಪೆನ್ನು ವಾಪಸ್ ಕೊಡಲಿಲ್ಲ.